ಹೋಗಿ ಬಂದು ಆಡುತ್ತಿದ್ದ ನಮ್ಮ ಮನೆ ನೆಟ್: ಕಾರಣ ಒಂದಲ್ಲ, ಮೂರು

ನೆಟ್ ಪೂರ್ತಿ ಹೋದರೆ ಒಂದು ಥರ ನೆಮ್ಮದಿ. ಫೋನ್ ಮಾಡಿ ದೂರು ಕೊಡಬಹುದು, ಯಾರೋ ಬಂದು ಸರಿ ಮಾಡುತ್ತಾರೆ. ಈ ಹೋಗಿ ಬಂದು, ಹೋಗಿ ಬಂದು ಆಡುವ ನೆಟ್ ಇದೆಯಲ್ಲ, ಅದು ಪ್ರಾಣ ಹಿಂಡುತ್ತದೆ. ನೋಡಲು ಬಂದವರ ಎದುರು ಚೆನ್ನಾಗಿಯೇ ಇರುತ್ತದೆ. ಅವರು ಬೆನ್ನು ತಿರುಗಿಸಿದ ಕೂಡಲೇ ಶುರು.

ನಮ್ಮ ಮನೆಯಲ್ಲಿ ಇದು ತಿಂಗಳುಗಟ್ಟಲೆ ನಡೆಯಿತು. ಈಗ ಸರಿಯಾಗಿದೆ. ಮರೆಯುವ ಮುಂಚೆ ಬರೆದಿಟ್ಟರೆ ಇದೇ ಪಾಡು ಪಡುತ್ತಿರುವ ಬೇರೆಯವರಿಗೆ ಅನುಕೂಲ ಅಂತ ಕೂತಿದ್ದೇನೆ. ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಇದ್ದದ್ದು ಒಂದು ತೊಂದರೆಯಲ್ಲ, ಮೂರು. ಮೇಲ್ನೋಟಕ್ಕೆ ಮೂರೂ ಒಂದೇ ಥರ: ವಿಡಿಯೊ ನಿಲ್ಲುತ್ತದೆ, ಚಕ್ರ ಸುತ್ತುತ್ತದೆ. ಒಂದನ್ನು ಸರಿ ಮಾಡಿದರೂ ಇನ್ನೆರಡು ಹಾಗೇ ಇದ್ದದ್ದರಿಂದ ಏನೂ ಪ್ರಯೋಜನ ಆಗಲಿಲ್ಲ ಅನ್ನಿಸುತ್ತಿತ್ತು. ನಮ್ಮನ್ನು ಇಷ್ಟು ಸತಾಯಿಸಿದ್ದು ಅದೇ.

ನಮ್ಮದು ಫೈಬರ್ ಕನೆಕ್ಷನ್. ಹೊರಗಿನಿಂದ ತೆಳುವಾದ ಕಪ್ಪು ಕೇಬಲ್ ಬಂದು ಗೋಡೆಯ ಮೇಲಿರುವ ಡಬ್ಬಕ್ಕೆ ಸೇರುತ್ತದೆ. ಆ ಡಬ್ಬವೇ ಬೆಳಕನ್ನು ಸಿಗ್ನಲ್ ಮಾಡಿಕೊಳ್ಳುತ್ತದೆ, ಅದೇ ವೈ-ಫೈ ರೂಟರ್ ಕೂಡ. ನಾನು ಮನೆಯಿಂದ ಕೆಲಸ ಮಾಡುವವನು. ಅಕ್ಕನ ಮಗಳು ನಮ್ಮಲ್ಲೇ ಇದ್ದು ಓದುತ್ತಾಳೆ, ಅವಳಿಗೂ ಆನ್‌ಲೈನ್ ಕ್ಲಾಸ್. ಸಂಜೆಯ ಮೀಟಿಂಗ್‌ನಲ್ಲಿ "ನಿಮ್ಮ ಮಾತು ಕಟ್ ಆಗ್ತಿದೆ" ಅನ್ನುವುದು ನನಗೆ ದಿನದ ಮಾತಾಗಿಬಿಟ್ಟಿತ್ತು. ಮೊದಮೊದಲು ಎಲ್ಲರೂ ನಗುತ್ತಿದ್ದರು. ಆಮೇಲೆ ನನ್ನನ್ನು ಕೇಳದೆಯೇ ಮುಂದಕ್ಕೆ ಹೋಗತೊಡಗಿದರು. ಅದು ಜಾಸ್ತಿ ಚುಚ್ಚಿತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಭಾಷೆಗೆ ಒಂದು ಒತ್ತಿ, ದೂರಿಗೆ ಎರಡು ಒತ್ತಿ, ಆಮೇಲೆ ಉದ್ದದ ಸಂಗೀತ. ಕೊನೆಗೆ ಸಿಕ್ಕವರು ಕೇಳಿದ್ದು ಒಂದೇ: "ಸರ್, ರೂಟರ್ ಆಫ್ ಮಾಡಿ ಆನ್ ಮಾಡಿದ್ರಾ?" ಮಾಡಿದ್ದೆ. "ಇನ್ನೊಂದ್ಸಲ ಮಾಡಿ ಸರ್, ನಾನು ಲೈನಲ್ಲೇ ಇರ್ತೀನಿ." ಮಾಡಿದೆ. ನೆಟ್ ಬಂತು. "ಸರಿ ಹೋಯ್ತಲ್ಲ ಸರ್, ಬೇರೆ ಏನಾದ್ರೂ ಸಹಾಯ ಬೇಕಾ?"

ಈ ರೀಸ್ಟಾರ್ಟ್ ಬಗ್ಗೆ ಒಂದು ಮಾತು ಹೇಳಬೇಕು. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಹಾಗಾಗಿ ರೂಟರ್ ಕೆಟ್ಟಿದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಡಬ್ಬ ಆಫ್ ಆದರೆ ಮನೆಯ ಎಲ್ಲಾ ಫೋನ್‌ಗಳ ಅಪ್‌ಲೋಡ್, ಡೌನ್‌ಲೋಡ್ ಒಟ್ಟಿಗೆ ನಿಲ್ಲುತ್ತವೆ. ಆನ್ ಆದಾಗ ವೈ-ಫೈ ಬೇರೆ ಚಾನೆಲ್ (ಅಂದರೆ ಬೇರೆ ರೇಡಿಯೊ ದಾರಿ) ಹುಡುಕಿಕೊಳ್ಳಬಹುದು. ಹೊರಗಿನ ಲೈನಿನ ಜೊತೆ ಡಬ್ಬ ಹೊಸದಾಗಿ ಸಂಪರ್ಕ ಕಟ್ಟಿಕೊಳ್ಳುತ್ತದೆ. ಅಂದರೆ ನಮ್ಮ ಮೂರು ತೊಂದರೆಗಳಿಗೂ ರೀಸ್ಟಾರ್ಟ್ ಸ್ವಲ್ಪ ಹೊತ್ತಿನ ಔಷಧವೇ. ಅದಕ್ಕೇ ಅದರಿಂದ ಯಾವ ಕಾಯಿಲೆ ಅಂತ ಗೊತ್ತಾಗುವುದಿಲ್ಲ.

ದೂರಿನ ನಂಬರ್ ಕೊಟ್ಟರು. ಯಾರೂ ಬರಲಿಲ್ಲ. ಬದಲಿಗೆ "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು. ಹೀಗಾದಾಗ ಹೊಸ ದೂರು ಕೊಡಬೇಡಿ. ಹಳೇ ನಂಬರ್ ಹೇಳಿ, ಅದನ್ನೇ ಮತ್ತೆ ತೆರೆಯಿರಿ ಅಂತ ಕೇಳಿ. ಹೊಸದು ಕೊಟ್ಟರೆ ಅವರ ಲೆಕ್ಕದಲ್ಲಿ ನಿಮ್ಮ ಸಮಸ್ಯೆ ಇವತ್ತು ಹುಟ್ಟಿದ್ದು ಅಂತಾಗುತ್ತದೆ. ಹಳೇ ನಂಬರಿನಲ್ಲಿ ನೀವು ಎಷ್ಟು ದಿನದಿಂದ ಕಾಯುತ್ತಿದ್ದೀರಿ ಅನ್ನುವುದು ಉಳಿಯುತ್ತದೆ.

ಮತ್ತೆ ತೆರೆಸಿದ ಮೇಲೆ ಒಬ್ಬ ಹುಡುಗ ಬಂದ. ಬೆಳಗ್ಗೆ ಬಂದ. ಡಬ್ಬದ ಪಕ್ಕವೇ ನಿಂತು ತನ್ನ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದ. 100 ಎಂಬಿಪಿಎಸ್ ಪ್ಲಾನ್, 97 ಬಂತು. "ಫುಲ್ ಸ್ಪೀಡ್ ಬರ್ತಿದೆ ನೋಡಿ ಸರ್" ಅಂದ. ಅವನದೇನೂ ತಪ್ಪಿಲ್ಲ. ಆ ಹೊತ್ತಿಗೆ ನಿಜವಾಗಿಯೂ ಬರುತ್ತಿತ್ತು. ಆದರೆ ಸ್ಪೀಡ್ ಟೆಸ್ಟ್ ನೋಡುವುದು ಆ ಕೆಲವು ಸೆಕೆಂಡುಗಳನ್ನು ಮಾತ್ರ. ಆಗಾಗ ಕಡಿಯುವ ಲೈನಿಗೆ ಅದು ಸರಿಯಾದ ಅಳತೆಗೋಲೇ ಅಲ್ಲ. ವಿಡಿಯೊ ಕಾಲ್‌ಗೆ ನಾಲ್ಕೈದು ಎಂಬಿಪಿಎಸ್ ಇದ್ದರೆ ಸಾಕು, ಆದರೆ ಅದು ಒಂದೇ ಸಮನೆ ಬರಬೇಕು. 97 ಬಂದು ನಡುನಡುವೆ ಸೊನ್ನೆ ಆಗುವುದಕ್ಕಿಂತ ಒಂದೇ ಸಮನೆ ಬರುವ 10 ವಾಸಿ.

ಅವನು ಹೋದ ಮೇಲೆ ಒಂದು ವಿಷಯ ಖಾತ್ರಿಯಾಯಿತು. ಸುಮ್ನೆ "ನೆಟ್ ಸರಿಯಿಲ್ಲ" ಅಂದರೆ ಯಾರೂ ಏನೂ ಮಾಡಲಾರರು. ಎಲ್ಲಿ ಕಡಿಯುತ್ತಿದೆ, ಯಾವಾಗ ಕಡಿಯುತ್ತಿದೆ ಅನ್ನುವುದನ್ನು ನಾನೇ ಹಿಡಿದು ತೋರಿಸಬೇಕು.

ಅದಕ್ಕೆ ಬೇಕಾದ ಸಲಕರಣೆ ಎಲ್ಲರ ಕಂಪ್ಯೂಟರಿನಲ್ಲೂ ಆಗಲೇ ಇದೆ. ಹೆಸರು ಪಿಂಗ್. 1983ರಲ್ಲಿ ಮೈಕ್ ಮೂಸ್ ಅನ್ನುವವರು ಬರೆದ ಪುಟ್ಟ ಪ್ರೋಗ್ರಾಂ. ಒಂದು ವಿಳಾಸಕ್ಕೆ "ಇದ್ದೀಯಾ?" ಅಂತ ಕೇಳುತ್ತದೆ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಹೇಳುತ್ತದೆ, ಅಷ್ಟೇ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಅಂತ ಟೈಪ್ ಮಾಡಿ ವಿಳಾಸ ಕೊಟ್ಟರೆ ನಾಲ್ಕು ಸಲ ಕೇಳಿ ನಿಲ್ಲುತ್ತದೆ. ಕೊನೆಗೆ ಮೈನಸ್ ಚಿಹ್ನೆ ಹಾಕಿ ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವವರೆಗೂ ಕೇಳುತ್ತಲೇ ಇರುತ್ತದೆ. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ತಾನಾಗಿಯೇ ನಿಲ್ಲುವುದಿಲ್ಲ.

ಉಪಾಯ ಇರುವುದು ಯಾವ ಯಾವ ವಿಳಾಸಕ್ಕೆ ಪಿಂಗ್ ಮಾಡುತ್ತೀರಿ ಅನ್ನುವುದರಲ್ಲಿ. ನಾನು ಮೂರು ಕಿಟಕಿ ತೆರೆದಿಟ್ಟೆ. ಒಂದು ನಮ್ಮದೇ ರೂಟರಿಗೆ. ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಡಬ್ಬದ ಹಿಂದಿನ ಚೀಟಿಯಲ್ಲೇ ಇರುತ್ತದೆ. ಎರಡನೆಯದು ಹೊರಗಿನ 8.8.8.8ಕ್ಕೆ, ಅದು ಗೂಗಲ್ ಸರ್ವರಿನ ವಿಳಾಸ. ಮೂರನೆಯದು ಯಾವುದಾದರೂ ವೆಬ್‌ಸೈಟಿನ ಹೆಸರಿಗೆ. ರೂಟರೇ ಉತ್ತರ ಕೊಡದಿದ್ದರೆ ತೊಂದರೆ ಮನೆಯೊಳಗೆ, ಕಂಪನಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ರೂಟರ್ ಚೆನ್ನಾಗಿದ್ದು 8.8.8.8 ಸತ್ತರೆ ತೊಂದರೆ ಹೊರಗಿನ ಲೈನಿನಲ್ಲಿ. ಎರಡೂ ಚೆನ್ನಾಗಿದ್ದು ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್ ಕೈಕೊಟ್ಟಿದೆ. ಅಂದರೆ ಹೆಸರನ್ನು ನಂಬರ್ ಮಾಡಿಕೊಡುವ ಸರ್ವರ್. ಅದನ್ನು ರೂಟರಿನ ಸೆಟ್ಟಿಂಗ್‌ನಲ್ಲಿ 8.8.8.8 ಅಥವಾ 1.1.1.1 ಅಂತ ಬದಲಾಯಿಸಿದರೆ ಮುಗಿಯಿತು. ನಮ್ಮಲ್ಲಿ ಡಿಎನ್‌ಎಸ್ ತಕರಾರು ಇರಲಿಲ್ಲ, ಆದರೂ ಹೇಳಿಟ್ಟಿರುತ್ತೇನೆ.

ಇದನ್ನು ವೈ-ಫೈನಲ್ಲಿ ಒಮ್ಮೆ, ಕೇಬಲ್ ಹಾಕಿ ಒಮ್ಮೆ ಮಾಡಬೇಕು. ಕೇಬಲ್ ಹಾಕದೆ ಯಾವ ತೀರ್ಮಾನಕ್ಕೂ ಬರಬೇಡಿ. ಮೂಲೆಗೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪ್ ಎಬ್ಬಿಸಿ, ಲ್ಯಾನ್ ಕೇಬಲ್‌ನಲ್ಲಿ ರೂಟರಿಗೆ ಸಿಕ್ಕಿಸಿ, ಪ್ರತಿ ಸಾಲಿನ ಪಕ್ಕ ಸಮಯ ಬರೆಯುವ ಚಿಕ್ಕ ಸ್ಕ್ರಿಪ್ಟ್ ಹಾಕಿ ಹಗಲು ರಾತ್ರಿ ಓಡಲು ಬಿಟ್ಟೆ. ಸಮಯ ಇಲ್ಲದ ದಾಖಲೆ ಯಾರಿಗೂ ಬೇಡ. ಲ್ಯಾನ್ ಕೇಬಲ್‌ಗೂ ಒಂದು ಸೂಚನೆ ಇದೆ. ಅದರೊಳಗೆ ನಾಲ್ಕು ಜೊತೆ ತಂತಿ ಇರುತ್ತವೆ. ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ನಾಲ್ಕೂ ಬೇಕು, 100 ಎಂಬಿಪಿಎಸ್‌ಗೆ ಎರಡೇ ಸಾಕು. ಉಳಿದೆರಡು ಜೊತೆಯಲ್ಲಿ ಒಂದು ತಂತಿ ಒಳಗೇ ಮುರಿದರೆ ಸಾಮಾನ್ಯವಾಗಿ ಕೇಬಲ್ ಸುಮ್ಮನೆ 100ಕ್ಕೆ ಇಳಿದು ಕೆಲಸ ಮಾಡುತ್ತಲೇ ಇರುತ್ತದೆ. ದೊಡ್ಡ ಪ್ಲಾನ್ ತೆಗೆದುಕೊಂಡೂ 95ರ ಆಸುಪಾಸಿನಲ್ಲೇ ನಿಂತಿದೆ ಅನ್ನುವವರು ಮೊದಲು ಕೇಬಲ್ ಬದಲಿಸಿ ನೋಡಿ.

ಮೊದಲ ಕಳ್ಳ ಬೇಗ ಸಿಕ್ಕಿಬಿದ್ದ. ಒಳಕೋಣೆಯಲ್ಲಿ ವೈ-ಫೈನಿಂದ ಪಿಂಗ್ ಮಾಡಿದರೆ ನಮ್ಮ ರೂಟರೇ ಆಗಾಗ ಉತ್ತರ ಕೊಡುತ್ತಿರಲಿಲ್ಲ. ಕೊಟ್ಟರೂ 300, 400 ಮಿಲಿಸೆಕೆಂಡ್. ಅದೇ ಹೊತ್ತಿಗೆ ಕೇಬಲ್ ಹಾಕಿದ ಲ್ಯಾಪ್‌ಟಾಪಿನಲ್ಲಿ 1 ಮಿಲಿಸೆಕೆಂಡ್ ಕೂಡ ಆಗುತ್ತಿರಲಿಲ್ಲ.

ಫೋನಿಗೆ ಒಂದು ಉಚಿತ ವೈ-ಫೈ ಅನಲೈಸರ್ ಆಪ್ ಹಾಕಿಕೊಂಡು ನೋಡಿದೆ. ಸುತ್ತಮುತ್ತಲಿನವರ ರೂಟರುಗಳೆಲ್ಲ 2.4 ಗಿಗಾಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಈ ಬ್ಯಾಂಡಿನಲ್ಲಿ ಚಾನೆಲ್ ನಂಬರ್ ಹತ್ತಕ್ಕಿಂತ ಹೆಚ್ಚಿದ್ದರೂ ಒಂದಕ್ಕೊಂದು ತಾಗದೆ ಇರುವವು 1, 6, 11 ಮಾತ್ರ. ಜೊತೆಗೆ ಬ್ಲೂಟೂತ್ ಇದೇ ಜಾಗದಲ್ಲಿ ಓಡಾಡುತ್ತದೆ, ಮೈಕ್ರೋವೇವ್ ಒಲೆ ಕೂಡ. ಮೂರರಲ್ಲಿ ಕಡಿಮೆ ಗದ್ದಲ ಇದ್ದ ಚಾನೆಲ್ ಆರಿಸಿದೆ. 2.4 ಮತ್ತು 5 ಗಿಗಾಹರ್ಟ್ಜ್ ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟು, ಲ್ಯಾಪ್‌ಟಾಪುಗಳನ್ನು 5ಕ್ಕೆ ಹಾಕಿದೆ. 5 ವೇಗ, ಆದರೆ ಗೋಡೆ ದಾಟುವುದರಲ್ಲಿ ಸೋಮಾರಿ. ಹಾಗಾಗಿ ಟಿವಿ ಹಿಂದೆ ಅವಿತಿದ್ದ ಡಬ್ಬವನ್ನು, ಒಳಗಿನ ಕೇಬಲ್ ಎಳೆದಷ್ಟು ದೂರ ತಂದು, ತಲೆಯ ಎತ್ತರದಲ್ಲಿ ಬಯಲಿಗೆ ಇಟ್ಟೆ. ಒಳಕೋಣೆಯಲ್ಲಿ ಮೈನಸ್ 78 ಇದ್ದ ಸಿಗ್ನಲ್ ಮೈನಸ್ 63 ಆಯಿತು. ಇಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 70 ದಾಟಿದರೆ ವಿಡಿಯೊ ಕಾಲ್ ಕಷ್ಟ.

ಎಕ್ಸ್‌ಟೆಂಡರ್ (ವೈ-ಫೈ ಇನ್ನಷ್ಟು ದೂರ ತಲುಪಿಸುವ ಸಾಧನ) ತಗೋ ಅಂತ ಹೇಳಿದವರು ಬಹಳ. ತೆಗೆದುಕೊಳ್ಳಲಿಲ್ಲ. ತೊಂದರೆ ಎಲ್ಲಿದೆ ಅಂತ ಗೊತ್ತಾಗುವ ಮುಂಚೆ ಹೊಸ ಸಾಮಾನು ತಂದರೆ ಅನುಮಾನಿಸಬೇಕಾದ ವಸ್ತು ಇನ್ನೊಂದು ಜಾಸ್ತಿಯಾಗುತ್ತದೆ, ಅಷ್ಟೇ.

ಇಷ್ಟಾದ ಮೇಲೂ ಸಂಜೆಯ ಗೋಳು ತಪ್ಪಲಿಲ್ಲ. ಮನೆಯವರಿಗೆಲ್ಲ ನನ್ನ ಮೇಲೆ ಸಣ್ಣ ಅನುಮಾನ ಶುರುವಾಯಿತು. "ನೀನು ಮುಟ್ಟಿದ ಮೇಲೇ ಹೆಚ್ಚಾಗಿರೋದು" ಅಂತ ಅಮ್ಮ ನೇರವಾಗಿಯೇ ಅಂದರು.

ಕೇಬಲ್ ಹಾಕಿದ ಲ್ಯಾಪ್‌ಟಾಪಿನ ದಾಖಲೆ ತೆಗೆದು ನೋಡಿದೆ. ಅಲ್ಲಿ ಎರಡು ಥರದ ಸಂಜೆಗಳು ಕಂಡವು. ಒಂದು ಥರದಲ್ಲಿ ಪಿಂಗ್ ಸಾಯುತ್ತಿರಲಿಲ್ಲ, 8.8.8.8ಕ್ಕೆ ಮಾಮೂಲಿ 12 ಮಿಲಿಸೆಕೆಂಡ್ ಇದ್ದದ್ದು ಇದ್ದಕ್ಕಿದ್ದಂತೆ 600, 800 ಆಗಿ, ಕಾಲು ಗಂಟೆ ಹಾಗೇ ಇದ್ದು, ಮತ್ತೆ ಇಳಿಯುತ್ತಿತ್ತು. ಇನ್ನೊಂದು ಥರದಲ್ಲಿ ಉತ್ತರವೇ ಇಲ್ಲ, ನಿಮಿಷಗಟ್ಟಲೆ ಖಾಲಿ. ಇವೆರಡನ್ನೂ ಒಂದೇ ಅಂದುಕೊಂಡಿದ್ದರೆ ಇವತ್ತಿಗೂ ಹುಡುಕುತ್ತಲೇ ಇರುತ್ತಿದ್ದೆ.

800 ಮಿಲಿಸೆಕೆಂಡಿನ ಗುಟ್ಟು ರೂಟರಿನ ಒಳಪುಟದಲ್ಲಿ (ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿದರೆ ತೆರೆಯುವ ಪುಟ) ಸಿಕ್ಕಿತು. ಯಾವ ಫೋನ್ ಎಷ್ಟು ಬಳಸುತ್ತಿದೆ ಅನ್ನುವ ಪಟ್ಟಿ ಅಲ್ಲಿರುತ್ತದೆ. ಅಕ್ಕನ ಮಗಳು ಹೊರಗಿನಿಂದ ಬಂದು ಫೋನ್ ಚಾರ್ಜಿಗೆ ಹಾಕಿದ ಕೂಡಲೇ, ದಿನವಿಡೀ ತೆಗೆದ ಫೋಟೊ, ವಿಡಿಯೊ ಎಲ್ಲ ತಾವಾಗಿಯೇ ಕ್ಲೌಡ್‌ಗೆ ಹೋಗಲು ಶುರುವಾಗುತ್ತಿದ್ದವು. ಅಪ್‌ಲೋಡ್ ದಾರಿ ಪೂರ್ತಿ ತುಂಬುತ್ತಿತ್ತು. ದಾರಿ ತುಂಬಿದಾಗ ರೂಟರ್ ಬಂದದ್ದನ್ನು ಬಿಸಾಡುವ ಬದಲು ಉದ್ದದ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ನನ್ನ ಕಾಲ್‌ನ ಚಿಕ್ಕ ತುಣುಕುಗಳೂ ಆ ಫೋಟೊಗಳ ಹಿಂದೆ ಪಾಳಿ ಕಾಯಬೇಕು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಹೆಸರಿಟ್ಟವರು ಕಂಪ್ಯೂಟರ್ ತಜ್ಞ ಜಿಮ್ ಗೆಟ್ಟಿಸ್. ಅವರಿಗೂ ಇದು ತಮ್ಮ ಮನೆಯ ಕನೆಕ್ಷನ್ ಕಾಟ ಕೊಟ್ಟಾಗಲೇ ಹೊಳೆದದ್ದು ಅಂತ ಓದಿ ಸ್ವಲ್ಪ ಸಮಾಧಾನವಾಯಿತು.

ನಿಮ್ಮಲ್ಲೂ ಇದೆಯಾ ಅಂತ ನೋಡುವುದು ಸುಲಭ. ಪಿಂಗ್ ಓಡುತ್ತಿರಲಿ, ಇನ್ನೊಂದು ಕಡೆಯಿಂದ ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. 12 ಇದ್ದದ್ದು 30 ಆದರೆ ಚಿಂತೆಯಿಲ್ಲ. ನೂರಾರು ಆದರೆ ಇದೇ. ರೂಟರಿನಲ್ಲಿ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಅನ್ನುವ, ಈ ಸಾಲನ್ನು ಹಿಡಿತದಲ್ಲಿಡುವ ಸೆಟ್ಟಿಂಗ್ ಇದ್ದರೆ ಹುಡುಕಿ, ಲೈನಿನ ನಿಜವಾದ ವೇಗಕ್ಕಿಂತ ಸುಮಾರು ಹತ್ತು ಪರ್ಸೆಂಟ್ ಕಡಿಮೆ ಮಿತಿ ಹಾಕಿ. ಆಗ ಸಾಲು ಉದ್ದವಾಗುವುದೇ ಇಲ್ಲ. ಸ್ವಲ್ಪ ವೇಗ ಕಳೆದುಕೊಳ್ಳುತ್ತೀರಿ, ಆದರೆ ಕಾಲ್ ನಿಲ್ಲುವುದಿಲ್ಲ. ನಮ್ಮ ಡಬ್ಬದಲ್ಲಿ ಪೂರ್ತಿ ಎಸ್‌ಕ್ಯೂಎಂ ಇರಲಿಲ್ಲ, ಒಂದೊಂದು ಫೋನಿಗೆ ಅಪ್‌ಲೋಡ್ ಮಿತಿ ಹಾಕುವ ಸೌಲಭ್ಯ ಇತ್ತು. ಅದನ್ನೇ ಹಾಕಿದೆ. ಬ್ಯಾಕಪ್ಪನ್ನು ರಾತ್ರಿಗೆ ಬಿಡಲು ಅವಳಿಗೆ ಹೇಳಿದೆ. "ನನ್ನ ಫೋಟೊಗಳಿಂದ ನಿಮ್ಮ ಮೀಟಿಂಗ್ ನಿಲ್ತಿತ್ತಾ ಮಾಮ?" ಅಂತ ಅವಳಿಗೆ ಒಂಥರಾ ಖುಷಿಯೇ.

ಉಳಿದದ್ದು ಮೂರನೆಯದು. ನಿಮಿಷಗಟ್ಟಲೆ ಖಾಲಿ.

ಇಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು: ಡಬ್ಬವೇ ಆಫ್ ಆಗಿ ಆನ್ ಆಗುತ್ತಿದೆಯಾ, ಇಲ್ಲ ಲೈನ್ ಮಾತ್ರ ಹೋಗುತ್ತಿದೆಯಾ? ರೂಟರಿನ ಪುಟದಲ್ಲಿ ಅಪ್‌ಟೈಮ್ ಅಂತ ಇರುತ್ತದೆ, ಕೊನೆಯ ಸಲ ಆನ್ ಆಗಿ ಎಷ್ಟು ಹೊತ್ತಾಯಿತು ಅಂತ. ಇನ್ನೊಂದು ಮಜಾ ಗುರುತು ಲಾಗ್‌ನಲ್ಲಿ, ಅಂದರೆ ಡಬ್ಬ ತಾನೇ ಬರೆದಿಡುವ ದಾಖಲೆಯಲ್ಲಿ ಸಿಗುತ್ತದೆ. ಇಂಥ ಡಬ್ಬಗಳಲ್ಲಿ ಹೆಚ್ಚಿನವಕ್ಕೆ ಆಫ್ ಆದಾಗ ಸಮಯ ನೆನಪಿಟ್ಟುಕೊಳ್ಳುವ ಗಡಿಯಾರ ಇರುವುದಿಲ್ಲ. ಆನ್ ಆದಾಗ ಜನವರಿ 1, 1970 ಅಂತಲೇ ಶುರು ಮಾಡುತ್ತವೆ, ನೆಟ್ ಸಿಕ್ಕ ಮೇಲೆ ಸರಿಯಾದ ತಾರೀಖು ತಿಳಿದುಕೊಳ್ಳುತ್ತವೆ. ಲಾಗ್‌ನ ನಡುವೆ 1970 ಬಂದಿದ್ದರೆ ಡಬ್ಬ ರೀಸ್ಟಾರ್ಟ್ ಆಗಿದೆ ಅಂತ ಅರ್ಥ. ಆಗ ಮೊದಲು ಅಡಾಪ್ಟರ್ ಅನುಮಾನಿಸಿ. ಹಳೇ ಅಡಾಪ್ಟರ್ ದೀಪ ಉರಿಸುವಷ್ಟು ಕರೆಂಟ್ ಕೊಡುತ್ತದೆ, ಡಬ್ಬಕ್ಕೆ ಕೆಲಸ ಜಾಸ್ತಿಯಾದಾಗ ಕೈಚೆಲ್ಲುತ್ತದೆ. ಬದಲಿಸುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು.

ನಮ್ಮ ಲಾಗ್‌ನಲ್ಲಿ 1970 ಇರಲಿಲ್ಲ. ಡಬ್ಬ ಎದ್ದೇ ಇತ್ತು. ಆದರೆ ಲಾಸ್ (LOS) ಅಂತ ಬರೆದಿರುವ ಕೆಂಪು ದೀಪ ಆಗಾಗ ಮಿನುಗುತ್ತಿತ್ತು. ಬೆಳಕೇ ಬರುತ್ತಿಲ್ಲ ಅಥವಾ ಸಾಕಷ್ಟು ಬರುತ್ತಿಲ್ಲ ಅಂತ ಅದರ ಅರ್ಥ.

ಈಗ ಬಂತು ಇಡೀ ಕಥೆಯಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಅಂಕಿ. ಡಬ್ಬದ ಒಳಪುಟದಲ್ಲಿ ಆಪ್ಟಿಕಲ್ ಅಥವಾ ಪಾನ್ (PON) ಅಂತ ಒಂದು ವಿಭಾಗ ಇರುತ್ತದೆ, ಅದರಲ್ಲಿ ಆರ್‌ಎಕ್ಸ್ ಪವರ್. ಬಂದು ಸೇರುವ ಬೆಳಕು ಎಷ್ಟು ಅಂತ ಡಿಬಿಎಂ ಲೆಕ್ಕದಲ್ಲಿ. ಮನೆಗಳಿಗೆ ಕೊಡುವ, ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಜಿಪಾನ್ (GPON) ಫೈಬರಿನಲ್ಲಿ ಇದು ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27ರ ಒಳಗೆ ಇರಬೇಕು. ಮೈನಸ್ 30 ಅಂದರೆ ಒಂದು ಮಿಲಿವ್ಯಾಟ್‌ನ ಸಾವಿರದಲ್ಲಿ ಒಂದು ಪಾಲು ಬೆಳಕು. ಪ್ರತಿ 3 ಡಿಬಿ ಇಳಿದಾಗಲೂ ಬೆಳಕು ಅರ್ಧವಾಗುತ್ತದೆ. ಹಾಗಾಗಿ ಮೈನಸ್ 22ರಿಂದ ಮೈನಸ್ 28ಕ್ಕೆ ಇಳಿಯಿತು ಅಂದರೆ ಸ್ವಲ್ಪ ಕಡಿಮೆಯಾಯಿತು ಅಂತಲ್ಲ, ಕಾಲು ಭಾಗ ಮಾತ್ರ ಉಳಿಯಿತು ಅಂತ.

ನಾನು ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಆ ಪುಟದ ಸ್ಕ್ರೀನ್‌ಶಾಟ್ ತೆಗೆಯತೊಡಗಿದೆ. ಹಗಲಿನಲ್ಲಿ ಮೈನಸ್ 22ರ ಆಸುಪಾಸು. ಸಂಜೆಯ ಮೇಲೆ ಮೈನಸ್ 27.8, 28.4. ಕೆಲವು ಸಂಜೆ ಮಾತ್ರ ಹಗಲಿನಷ್ಟೇ ಇರುತ್ತಿತ್ತು, ಅವತ್ತು ನೆಟ್ ಕೂಡ ಚೆನ್ನಾಗಿರುತ್ತಿತ್ತು. ಯಾಕೆ ಅಂತ ತಲೆ ಕೆರೆದುಕೊಂಡೆ. ಬಿಸಿಲಾ, ತಂಪಾ, ಬೀದಿಯ ಬಾಕ್ಸಿನಲ್ಲಿ ಏನಾದರೂ ಆಗುತ್ತಾ? ಗೊತ್ತಾಗಲಿಲ್ಲ. ಒಂದಂತೂ ಗೊತ್ತಾಯಿತು: ಇದು ಬೆಳಕಿನ ಸಮಸ್ಯೆ, ರೂಟರ್ ಬದಲಿಸಿದರೆ ಹೋಗುವುದಲ್ಲ.

(ಕನೆಕ್ಟರ್ ತೆಗೆದು ಕಣ್ಣಿಟ್ಟು ನೋಡುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಅದು ಲೇಸರ್, ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ತುದಿಗೆ ಬೆರಳೂ ತಾಗಿಸಬೇಡಿ, ಒಂದು ಧೂಳಿನ ಕಣ ಸಾಕು ಸಿಗ್ನಲ್ ತಿನ್ನಲು.)

ಮತ್ತೆ ಕಸ್ಟಮರ್ ಕೇರ್. ಈ ಸಲ ಮಾತು ಬೇರೆ ಥರ ಹೋಯಿತು. ರೀಸ್ಟಾರ್ಟ್ ಮಾಡಿ ಅಂದರು. "ಮಾಡಿದ್ದೀನಿ. ಸಂಜೆ ಆರ್‌ಎಕ್ಸ್ ಪವರ್ ಮೈನಸ್ 28 ಬರ್ತಿದೆ, ಹಗಲು 22 ಇರುತ್ತೆ, ಸ್ಕ್ರೀನ್‌ಶಾಟ್ ಇದೆ, ಕೇಬಲ್ ಹಾಕಿಯೇ ನೋಡಿದ್ದು" ಅಂದೆ. ಆ ಕಡೆ ಒಂದು ಕ್ಷಣ ಮೌನ. "ಒಂದ್ನಿಮಿಷ ಸರ್, ಟೆಕ್ನಿಕಲ್ ಟೀಮಿಗೆ ಕೊಡ್ತೀನಿ." ಅಲ್ಲಿದ್ದವರು ತಮ್ಮ ಕಂಪ್ಯೂಟರಿನಲ್ಲೂ ನಮ್ಮ ಡಬ್ಬದ ಅಂಕಿ ನೋಡಿ ಹೌದು ಅಂದರು. ಜಗಳ ಆಡಿದಾಗ ಸಿಗದ ಮರ್ಯಾದೆ ಒಂದು ಅಂಕಿ ಹೇಳಿದಾಗ ಸಿಕ್ಕಿತು.

ಹಾಗಂತ ಬೇಗ ಬಂದರು ಅಂದುಕೊಳ್ಳಬೇಡಿ. ಬರುತ್ತೇವೆ ಅಂದ ದಿನ ರಜೆ ಹಾಕಿ ಕಾದೆ, ಯಾರೂ ಇಲ್ಲ. ಸಂಜೆಗೆ ಮೆಸೇಜ್: ಗ್ರಾಹಕರು ಮನೆಯಲ್ಲಿ ಇರಲಿಲ್ಲ. ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದವನಿಗೆ ಆ ಸಾಲು ಓದಿ ಕಣ್ಣು ಕತ್ತಲೆ ಬಂತು. ಆದರೂ ಕೂಗಾಡದೆ, ಇಮೇಲ್ ಬರೆದೆ. ದೂರಿನ ನಂಬರ್, ಫೋನ್ ಮಾಡಿದ ತಾರೀಖು ಮತ್ತು ಸಮಯ, ಆರ್‌ಎಕ್ಸ್ ಪವರಿನ ಸ್ಕ್ರೀನ್‌ಶಾಟ್, ಪಿಂಗ್ ದಾಖಲೆಯ ಒಂದು ಪುಟ, ಮತ್ತು "ಗ್ರಾಹಕರು ಇರಲಿಲ್ಲ" ಅನ್ನುವ ಮೆಸೇಜಿನ ಫೋಟೊ. ಮೇಲಿನ ಹಂತದ ದೂರು ವಿಭಾಗಕ್ಕೆ ಕಳಿಸಿದೆ. ಇಂಥ ವಿಭಾಗದ ವಿಳಾಸ ಬಿಲ್ಲಿನಲ್ಲಿ ಅಥವಾ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಇರುತ್ತದೆ, ಹುಡುಕಿ. ಇಮೇಲ್ ಚಿಕ್ಕದಿರಲಿ. ಕೋಪ ಬೇಡ, ಅಂಕಿ ಸಾಕು.

ಅದಾದ ಮೇಲೆ ಬಂದವರು ಸ್ವಲ್ಪ ವಯಸ್ಸಾದವರು, ಬೆನ್ನಿಗೆ ಚೀಲ. ಫೋನ್ ತೆಗೆಯಲೇ ಇಲ್ಲ. ಡಬ್ಬದಿಂದ ಹಸಿರು ಕನೆಕ್ಟರ್ ಬಿಚ್ಚಿ ಅಂಗೈಯಗಲದ ಪವರ್ ಮೀಟರಿಗೆ ಸಿಕ್ಕಿಸಿದರು. ಮೈನಸ್ 22.1. ಹಗಲು ಹೊತ್ತು, ಅದೇ ತಾನೇ ಬರುವುದು. ನನ್ನ ಎದೆ ಕುಸಿಯಿತು, ಇವರೂ "ಚೆನ್ನಾಗಿದೆ ಸರ್" ಅಂದು ಹೊರಡುತ್ತಾರೆ ಅಂತ. ಸ್ಕ್ರೀನ್‌ಶಾಟ್ ತೋರಿಸಿದೆ. ಅವರು ಒಂದೊಂದಾಗಿ ನೋಡಿದರು. "ಸಂಜೆ ಮಾತ್ರ. ಅದೂ ದಿನಾ ಅಲ್ಲ" ಅಂತ ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಕೇಬಲ್ ಹಿಡಿದು ಗೋಡೆಗುಂಟ ನಡೆಯತೊಡಗಿದರು, ಬೆರಳಲ್ಲಿ ಸವರುತ್ತಾ.

ಕೇಬಲ್ ಒಳಗೆ ಬರುವುದು ಹಾಲಿನ ಜಾರುವ ಕಿಟಕಿಯ ಮೂಲೆಯಿಂದ. ಕನೆಕ್ಷನ್ ಕೊಟ್ಟವರು ಗೋಡೆ ಕೊರೆಯುವ ಗೋಜಿಗೆ ಹೋಗದೆ ಅಲ್ಲಿಂದ ತೂರಿಸಿದ್ದರು. ರಿಪೇರಿಗೆ ಬಂದವರು ಅಲ್ಲಿ ನಿಂತರು. "ಈ ಕಿಟಕಿ ಯಾವಾಗ ಹಾಕ್ತೀರಿ?"

ಸಂಜೆ. ಕತ್ತಲಾಗುವಾಗ. ಸೆಕೆ ಇದ್ದ ದಿನ ಹಾಕುವುದಿಲ್ಲ.

ಮೀಟರನ್ನು ನನ್ನ ಕೈಗೆ ಕೊಟ್ಟು "ಓದ್ತಾ ಇರಿ" ಅಂದರು. ಕಿಟಕಿ ನಿಧಾನಕ್ಕೆ ತಳ್ಳಿದರು. 22.1, 22.3, 22.9. ಚೌಕಟ್ಟಿಗೆ ಇನ್ನೇನು ಬೆರಳಷ್ಟು ಜಾಗ ಇದೆ ಅನ್ನುವಾಗ 25.6. ಚಿಲಕ ಬಿದ್ದ ಕೂಡಲೇ 28.7. ತೆರೆದರು, 22.2. ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಅವರು ಚೀಲದಿಂದ ಕಣ್ಣಿಗೆ ಕಾಣುವ ಕೆಂಪು ಬೆಳಕು ಬಿಡುವ ಪೆನ್ನಿನಂಥ ಸಾಧನ ತೆಗೆದು ಕನೆಕ್ಟರಿನ ತುದಿಗೆ ಹಚ್ಚಿ, ಕಿಟಕಿ ಮತ್ತೆ ಹಾಕಿ, ಕಪ್ಪು ಹೊದಿಕೆಯನ್ನು ಉಗುರಿನಷ್ಟು ಬಿಡಿಸಿ ತೋರಿಸಿದರು. ಕೆಂಪು ಬೆಳಕು ಅಲ್ಲಿಂದ ಹೊರಕ್ಕೆ ಸೋರುತ್ತಿತ್ತು. ಗಾಜಿನ ಎಳೆ ಮುರಿದಿರಲಿಲ್ಲ, ಕಿಟಕಿ ಹಾಕಿದಾಗಲೆಲ್ಲ ತೀರಾ ಮಡಚಿಕೊಳ್ಳುತ್ತಿತ್ತು. ಮಡಿಕೆಯಲ್ಲಿ ಬೆಳಕು ಒಳಗೆ ತಿರುಗಿಕೊಳ್ಳಲಾಗದೆ ಹೊರಗೆ ಹೋಗುತ್ತದೆ. ಮೈನಸ್ 28 ಅನ್ನುವುದು ಸಾವಿಗೂ ಬದುಕಿಗೂ ನಡುವಿನ ಜಾಗ. ಡಬ್ಬ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಅದಕ್ಕೇ ಹೋಗಿ ಬರುವ ಆಟ.

ಕೆಲಸ ಬೇಗ ಮುಗಿಯಿತು. ಕಿಟಕಿಯ ಪಕ್ಕ ಗೋಡೆಗೆ ತೂತು ಕೊರೆದು, ಹಾಳಾದ ಭಾಗ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿದರು. ತೂತು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಹೊರಗೆ ಕೇಬಲ್ ತೂತಿಗಿಂತ ಕೆಳಕ್ಕೆ ಬಾಗಿ ಆಮೇಲೆ ಮೇಲೆ ಬರಲಿ ಅಂತ ಅವರೇ ನೋಡಿಕೊಂಡರು. ಮಳೆ ನೀರು ಕೇಬಲ್ ಗುಂಟ ಒಳಗೆ ಬರುವುದಿಲ್ಲ. ಉಳಿದ ಕೇಬಲ್ಲನ್ನು ತಟ್ಟೆಯಗಲದ ಸುರುಳಿ ಮಾಡಿ ಬಿಟ್ಟರು, ಬಿಗಿದು ಕಟ್ಟಲಿಲ್ಲ. ನಿಮ್ಮಲ್ಲಿ ಯಾರಾದರೂ ಫೈಬರನ್ನು ಬಿಗಿಯಾಗಿ ಮಡಚಿ ಟ್ಯಾಗ್ ಹಾಕುತ್ತಿದ್ದರೆ ಅಲ್ಲೇ ತಡೆಯಿರಿ. ಕನೆಕ್ಟರಿನ ಬಣ್ಣವನ್ನೂ ನೋಡಿಕೊಳ್ಳಿ. ಹಸಿರಿನ ತುದಿ 8 ಡಿಗ್ರಿ ಓರೆಯಾಗಿ ಕತ್ತರಿಸಿದ್ದು, ನೀಲಿಯದು ಹಾಗಲ್ಲ. ಹಸಿರಿಗೆ ನೀಲಿ ಸಿಕ್ಕಿಸಿದರೆ ಕೂತಂತೆ ಕಾಣುತ್ತದೆ, ಆದರೆ ನಡುವೆ ಸಂದು ಉಳಿದು ಬೆಳಕು ನಷ್ಟವಾಗುತ್ತದೆ.

ಕೊನೆಯ ಓದು ಮೈನಸ್ 19.6. ಕಿಟಕಿ ಹಾಕಿದರೂ, ತೆರೆದರೂ ಅಷ್ಟೇ. ಅಂಕಿಯ ಫೋಟೊ ತೆಗೆದಿಟ್ಟುಕೊಂಡೆ. ಮುಂದೆ ತೊಂದರೆ ಬಂದರೆ ಹೋಲಿಸಲು ಚೆನ್ನಾಗಿದ್ದಾಗಿನ ಅಂಕಿ ಕೈಯಲ್ಲಿರಬೇಕು. ನೆಟ್ ಚೆನ್ನಾಗಿರುವವರೂ ಇವತ್ತೇ ಡಬ್ಬದ ಆ ಪುಟ ತೆರೆದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಖರ್ಚಿನ ವಿಷಯ. ಈ ರಿಪೇರಿಗೆ ಕಂಪನಿ ಹಣ ಕೇಳಲಿಲ್ಲ, ಕೇಬಲ್ ಹಾಕಿದ್ದು ಅವರೇ ಆದ್ದರಿಂದ. ನನಗೆ ಖರ್ಚಾಗಿದ್ದು ಒಂದು ಒಳ್ಳೆಯ ಲ್ಯಾನ್ ಕೇಬಲ್, ಮೀಟಿಂಗ್ ಉಳಿಸಿಕೊಳ್ಳಲು ಮೇಲಿಂದ ಮೇಲೆ ಹಾಕಿಸಿದ ಮೊಬೈಲ್ ಡೇಟಾ, ಮತ್ತು ರಜೆಗಳು. ಡೇಟಾದ ರಸೀದಿಗಳನ್ನು ಇಟ್ಟುಕೊಂಡಿದ್ದೆ. ನೆಟ್ ಇಲ್ಲದ ದಿನಗಳಿಗೆ ಬಿಲ್ಲಿನಲ್ಲಿ ಕಳೆಯಿರಿ ಅಂತ ಕೇಳಿದಾಗ ಪಿಂಗ್ ದಾಖಲೆ ಕೆಲಸಕ್ಕೆ ಬಂತು, ರಸೀದಿ ಬರಲಿಲ್ಲ. ಲೈನ್ ಸತ್ತ ಸಮಯಕ್ಕೆ ಮಾತ್ರ ಲೆಕ್ಕ, ಬೇರೆ ಖರ್ಚು ನಮ್ಮ ಜವಾಬ್ದಾರಿ ಅಲ್ಲ ಅಂದರು. ದೂರು ತೆರೆದ ತಾರೀಖಿನಿಂದ ಲೆಕ್ಕ ಹಾಕಿದರು, ಅದಕ್ಕೇ ಹಳೇ ದೂರಿನ ನಂಬರ್ ಬಿಡಬೇಡಿ ಅಂದದ್ದು. ಹೀಗೆ ಕಡಿತವಾಗಬೇಕಿದ್ದ ಹಣ ಮುಂದಿನ ಬಿಲ್ಲಿನಲ್ಲಿ ಕಾಣಲಿಲ್ಲ. ಇನ್ನೊಮ್ಮೆ ಇಮೇಲ್ ಬರೆದ ಮೇಲೆ ಅದರ ಮುಂದಿನದರಲ್ಲಿ ಬಂತು.